ಮುತ್ತಿ ಕೂತ ಸೀಟು

ಹನಗೋಡಿನಾಚೆ ಕಾಡಂಚಿನ ಗಿರಿಜನರ ಹಾಡಿಯ ಮುತ್ತಿ ಯಾರಿಗೂ ಜಗ್ಗಿದ ಹೆಂಗಸಲ್ಲ. ತಾನು ಕಿತ್ತ ಜೇನನ್ನು ಪುಕ್ಕಟೆ ಕೇಳಿದ ಫಾರೆಸ್ಟ್ ಗಾರ್ಡಿಗೆ, "ಮರ ತೋರುಸ್ತೀನಿ, ನೀನೇ ಅತ್ತಿ ಕಿತ್ಕೋ" ಎಂದವಳು.

ಅರವತ್ತೊಂಬತ್ತನೇ ಇಸವಿಯಲ್ಲಿ ಹುಣಸೂರಿಗೆ ಹೋಗುತ್ತಿದ್ದುದು ಒಂದೇ ಖಾಸಗಿ ಬಸ್ಸು. ಹಾಡಿಯವರು ಟಿಕೀಟು ತೆಗೆದುಕೊಂಡರೂ ಹಿಂದುಗಡೆ ನೆಲದ ಮೇಲೇ ಕೂರಬೇಕು. ಯಾವ ಕಾನೂನಿನಲ್ಲಿತ್ತೋ ದೇವರೇ ಬಲ್ಲ! ಅವತ್ತು ಮುತ್ತಿ ಆಸ್ಪತ್ರೆಗೆಂದು ಹೊರಟ ತುಂಬು ಬಸುರಿ ಮಗಳು ನಿಂಗಿಯನ್ನು ಮುಂದಿನ ಮೂರು ಜನರ ಸೀಟಿನಲ್ಲಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.

"ಏಯ್, ಎದ್ದೇಳು. ಇಂದ್ಗಡೆ ನೆಲ ಐತಲ್ಲ?" ಎಂದ ಕಂಡಕ್ಟರ್.

"ನೋವು ತಿಂತಾವ್ಳೆ ಮಗ್ಳು. ಟಿಕೀಟು ತಗಂಡಿವ್ನಿ. ಏಳಾಕಿಲ್ಲ."

ಡ್ರೈವರ್ ಇಂಜಿನ್ ಆಫ್ ಮಾಡಿದ. ಅವಳು ಏಳುವ ತನಕ ಬಸ್ಸು ಕದಲುವುದಿಲ್ಲವಂತೆ. ನಿಂತವರೆಲ್ಲ ಹೊತ್ತಾಯಿತೆಂದು ಗೊಣಗಿದರು. ನಿಂಗಿ ಸೊಂಟ ಹಿಡಿದು ನರಳುತ್ತಿದ್ದಳು. ಅಷ್ಟು ಜನ ನಿಂತಿದ್ದರೂ ತಾಯಿ ಮಗಳ ಪಕ್ಕದ ಮೂರನೆಯ ಜಾಗ ಖಾಲಿಯೇ ಇತ್ತು.

ನಿಂತವರಲ್ಲಿ ನಾನೂ ಒಬ್ಬ, ಹುಣಸೂರಿನಲ್ಲಿ ಇಂಗ್ಲಿಷ್ ಮೇಷ್ಟ್ರು, ಶಿವನಂಜಪ್ಪ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ನಿಂತಲ್ಲಿಂದಲೇ ಕೂಗಿದೆ:

"ಅಯ್ಯಾ, ಬಸ್ಸು ಅನ್ನೋ ಹೆಸರು ಎಲ್ಲಿಂದ ಬಂತು ಗೊತ್ತೇನಯ್ಯ? ಲ್ಯಾಟಿನ್ನಿನಲ್ಲಿ ಓಮ್ನಿಸ್ ಅಂದ್ರೆ ಎಲ್ಲ. ಅದಕ್ಕೆ ಚತುರ್ಥೀ ವಿಭಕ್ತಿ, ಬಹುವಚನ ಹಚ್ಚಿದ್ರೆ ಓಮ್ನಿಬಸ್, ಎಲ್ಲರಿಗೂ! ಫ್ರಾನ್ಸಿನವರು ಬಾಡಿಗೆ ಗಾಡಿಗೆ ಆ ಹೆಸರಿಟ್ಟರು. ಆಮೇಲೆ ಜನ 'ಎಲ್ಲರ'ನ್ನು ಕತ್ತರಿಸಿ ಎಸೆದು, ಬರೀ 'ಬಸ್', ಅಂದ್ರೆ 'ಗೆ', ಉಳಿಸಿಕೊಂಡರು. ಆ ಬಾಲವೇ ನಿನ್ನ ಬಸ್ಸು!"

"ಪಾಠ ಇಸ್ಕೂಲಲ್ಲಿ ಮಾಡಿ ಸಾ," ಎಂದು ಕಂಡಕ್ಟರ್ ನಕ್ಕ. ಎಲ್ಲರೂ ನಕ್ಕರು.

ಮುತ್ತಿ ನಗಲಿಲ್ಲ. "ಏನಂದ್ರಿ ಮೇಷ್ಟ್ರೇ? ಎಲ್ರಿಗೂ ಅಂತಾನಾ?"

"ಹೂಂ ಕಣಮ್ಮ."

"ಅಂಗಾದ್ರೆ ನೀವ್ಯಾಕೆ ನಿಂತಿದ್ದೀರಿ? ಬನ್ನಿ, ಕುಂತ್ಕಳಿ."

ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು. ಹೋಗಿ ಸೀಟಿನ ಅಂಚಿನಲ್ಲಿ ಕೂತೆ.

"ಅಂಚಲ್ಲಿ ಕುಂತ್ರೆ ಬಿದ್ದೋಯ್ತೀರಿ. ಒತ್ತಿ ಕುಂತ್ಕಳಿ," ಎಂದಳು. ಅವಳ ಭುಜಕ್ಕೆ ಭುಜ ತಾಗುವಂತೆ ಸರಿದು ಕೂತೆ. ಮುತ್ತಿ ಡ್ರೈವರನ ಕಡೆ ಕತ್ತೆತ್ತಿ, "ಈಗ ಮೇಷ್ಟ್ರನ್ನೂ ಇಳುಸ್ತೀಯೇನ್ಲಾ? ಬುಡು ಗಾಡಿಯ!" ಎಂದು ಗದರಿದಳು.

ಡ್ರೈವರನ ಮಗ ನನ್ನ ಕ್ಲಾಸಿನಲ್ಲೇ ಓದುತ್ತಿದ್ದ. ಇಂಜಿನ್ ಗುಡುಗಿತು.

ಸಂಜೆ ಆಸ್ಪತ್ರೆಯಲ್ಲಿ ನಿಂಗಿಗೆ ಹೆಣ್ಣು ಮಗುವಾಯಿತು. ಹಾಡಿಗೆ ಮರಳುವಾಗಲೂ ಮುತ್ತಿ ಅದೇ ಸೀಟಿನಲ್ಲಿ ಕೂತಳು, ಕೂಸಿನ ಮುಖವನ್ನು ಕಂಡಕ್ಟರನ ಕಡೆಗೇ ತಿರುಗಿಸಿಕೊಂಡು.