ತವರೂರಿನಲ್ಲಿ ಒಂದು ರೂಮು

ಫೋನ್ ಎತ್ತಿದ ಲಾಡ್ಜಿನ ಮ್ಯಾನೇಜರ್ ಮೊದಲು ಕೇಳಿದ್ದು, “ಎಷ್ಟ ಮಂದಿ ಬರ್ತೀರಿ?”

“ನಾ ಒಬ್ಬಾಕೀನ.”

ಆಮೇಲೆ, “ಹಾನಗಲ್ಲಾಗ ನಿಮ್ಮವರು ಯಾರರ ಅದಾರೇನ್ರಿ?” ಅಂದ.

“ಅಣ್ಣ ಅದಾನ, ತಮ್ಮ ಅದಾನ. ನನ್ನ ತವರಮನೀನ ಅಲ್ಲೈತಿ.”

“ಮತ್ತ ರೂಮ್ ಯಾಕ ಬೇಕ್ರಿ?”

“ಅದಕ್ಕ ಬೇಕ್ರಿ.”

ಅವನಿಗೆ ಅರ್ಥವಾಗಲಿಲ್ಲ. ನಮ್ಮ ಕಡೆ ಯಾರಿಗೂ ಸುಲಭವಾಗಿ ಅರ್ಥವಾಗುವ ಮಾತಲ್ಲ ಅದು. ಊರಿನಲ್ಲಿ ದೂರದ ಬೀಗರ ಮನೆಯೊಂದು ಇದ್ದು, ನೀವು ಲಾಡ್ಜಿನಲ್ಲಿ ಇಳಿದುಕೊಂಡರೆ ಆ ಬೀಗರ ಮುಖಕ್ಕೆ ಮಸಿ ಬಳಿದಂತೆ. ಅಂಥದ್ದರಲ್ಲಿ ಒಡಹುಟ್ಟಿದವರಿಬ್ಬರು ಇರುವ ಊರಿನಲ್ಲಿ, ಅದೂ ಪಂಚಮಿ ಹಬ್ಬಕ್ಕೆ, ಹೆಣ್ಣುಮಗಳೊಬ್ಬಳು ಲಾಡ್ಜು ಹುಡುಕುವುದೆಂದರೆ! ಹುಡುಕಿದೆ. ಐವತ್ತು ದಾಟಿದ ಮೇಲೆ, ಸವಣೂರಿನ ಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಹೇಳಿ ಗಂಟಲು ಗಟ್ಟಿಯಾದ ಮೇಲೆ ಹುಡುಕಿದೆ. ನಾಚಿಕೊಂಡು ಹೇಳುತ್ತಿರುವ ಸಂಗತಿಯಲ್ಲ ಇದು.

ಅಪ್ಪ ತೀರಿಕೊಂಡ ಮೇಲೆ ಅಣ್ಣ ತಮ್ಮ ಬೇರೆಯಾದರು. ಪಡಸಾಲೆಯ ನಟ್ಟನಡುವೆ ಗೋಡೆ ಎದ್ದಿತು. ಆ ಮನೆಯಲ್ಲಿ ನನಗೇನೂ ಬೇಡವೆಂದು ಬರೆದುಕೊಟ್ಟೆ. ಸಂತೋಷದಿಂದಲೇ ಬರೆದುಕೊಟ್ಟೆ, ಆ ಬಗ್ಗೆ ಇವತ್ತಿಗೂ ಹೊಟ್ಟೆಯುರಿ ಇಲ್ಲ. ಆದರೆ ಆ ಸಹಿಯ ಜೊತೆಗೆ ನಾನು ಹಾಸಿಗೆ ಹಾಸುವ ಜಾಗವೂ ಹೋಯಿತೆಂದು ಯಾರೂ ಹೇಳಿರಲಿಲ್ಲ. ಹೋದಾಗಲೆಲ್ಲ ಪೇಚಾಟ. ಅಣ್ಣನ ಮನೆಯಲ್ಲಿ ಉಂಡರೆ ತಮ್ಮನ ಹೆಂಡತಿ, “ನಮ್ಮನಿ ಅಡಗಿ ನಿಮಗ ಸೇರೂದಿಲ್ಲ ಬಿಡ್ರಿ” ಅನ್ನುತ್ತಿದ್ದಳು. ತಮ್ಮನ ಮನೆಯಲ್ಲಿ ಚಹಾ ಕುಡಿದರೆ ಅಣ್ಣನ ಮುಖ ಸಂಜೆತನಕ ಊದಿರುತ್ತಿತ್ತು.

ಪಂಚಮಿ ಅಂದರೆ ನಮ್ಮಲ್ಲಿ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಯಾರಾದರೂ ಬಂದು ಕರೆಯಬೇಕು, ಕರೆದ ಮೇಲೆ ಹೋಗಬೇಕು. ಕರೆಯದೆ ಹೋದವಳನ್ನು ಓಣಿಯೇ ಆಡಿಕೊಳ್ಳುತ್ತದೆ. ನನ್ನ ಸಲುವಾಗಿ ಪ್ರತಿ ಸಲ ಮುಸುಡಿ ತಿರುವುವುದು ಬೇಡವೆಂದು ಅಣ್ಣ ತಮ್ಮ ಕೂತು ಒಂದು ಉಪಾಯ ಮಾಡಿದರು. ಒಂದು ವರ್ಷ ಅವನು ಕರೆಯುವುದು, ಒಂದು ವರ್ಷ ಇವನು. ಕಾಲುವೆಯ ನೀರನ್ನು ಹೊಲಕ್ಕೆ ಪಾಳಿಯ ಮೇಲೆ ಬಿಟ್ಟುಕೊಳ್ಳುತ್ತಾರಲ್ಲ, ಹಾಗೆ ನನ್ನನ್ನೂ ಪಾಳಿಗೆ ಹಚ್ಚಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಆಗ ಹೂಂ ಅನ್ನುತ್ತಿದ್ದೆನೇನೋ, ಕರೆಯುತ್ತಾರಲ್ಲ ಎಂಬುದೇ ದೊಡ್ಡದಾಗಿತ್ತು.

ಪಾಳಿ ಕೆಲವು ವರ್ಷ ನಡೆಯಿತು. ಆಮೇಲೊಮ್ಮೆ ಅಣ್ಣನ ಪಾಳಿ ಇದ್ದಾಗ, ಹಬ್ಬ ಹತ್ತಿರ ಬಂದಿರುವಾಗ ಎರಡೂ ಮನೆಗೆ ಸೂತಕ ಬಂತು. ಹಬ್ಬವಿಲ್ಲ, ಕರೆಯೂ ಇಲ್ಲ. ಸರಿ, ಅದಕ್ಕೆ ಯಾರೇನು ಮಾಡಲಿಕ್ಕಾಗುತ್ತದೆ. ಆದರೆ ಮರುವರ್ಷ ಯಾರ ಪಾಳಿ? ತಪ್ಪಿದ್ದು ತಪ್ಪಿತು, ಇನ್ನು ತಮ್ಮನದು ಎಂದು ಅಣ್ಣ. ಅಣ್ಣನದೇ ಬಾಕಿ ಇದೆ, ಮೊದಲು ಅದು ಮುಗಿಯಲಿ ಎಂದು ತಮ್ಮ. ಇಬ್ಬರೂ ಇದನ್ನು ಬಾಯಿಬಿಟ್ಟು ಮಾತಾಡಿಕೊಳ್ಳಲಿಲ್ಲ, ತಮ್ಮ ತಮ್ಮ ಮನೆಯೊಳಗೆ ತೀರ್ಮಾನಿಸಿಕೊಂಡು ಕೂತರು. ನಾನು ಸವಣೂರಿನಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ, ಬ್ಯಾಗು ತುಂಬಿಕೊಂಡು ಬಾಗಿಲಲ್ಲಿ ಕೂತಿದ್ದೆ. ಹಬ್ಬದ ದಿನ ಮಧ್ಯಾಹ್ನ ಸೋತು ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಫೋನ್ ಮಾಡಿದೆ. “ಯಾಕ, ಸಣ್ಣಾಂವ ಬರಲಿಲ್ಲೇನು?” ಅಂದರು. ಆ ಉಂಡಿಗಳನ್ನು ಓಣಿಯ ಹುಡುಗರಿಗೆ ಹಂಚಿದೆ. ಒಂದನ್ನೂ ನಾನು ಬಾಯಿಗೆ ಹಾಕಲಿಲ್ಲ.

ಆ ಮಧ್ಯಾಹ್ನ ಬಾಗಿಲಲ್ಲಿ ಕೂತಾಗ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ನಾನು ಹುಟ್ಟಿದ ಊರು, ಈಜು ಕಲಿತ ಆನೆಕೆರೆ, ಅಲ್ಲಿಗೆ ಕಾಲಿಡಲು ಇವರಿಬ್ಬರ ಲೆಕ್ಕಾಚಾರ ಮುಗಿಯುವುದನ್ನು ಕಾಯಬೇಕೇ? ಮುಂದಿನ ಪಂಚಮಿಗೆ ಕರೆದರೂ ಹೋಗುತ್ತೇನೆ, ಕರೆಯದಿದ್ದರೂ ಹೋಗುತ್ತೇನೆ, ಮಲಗುವುದು ಮಾತ್ರ ನನ್ನದೇ ಬಾಡಿಗೆಯ ರೂಮಿನಲ್ಲಿ ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಈಗ ಮ್ಯಾನೇಜರನ ವಿಷಯ. ಒಬ್ಬರೇ ಹೆಂಗಸರಿಗೆ ರೂಮು ಕೊಡುವುದಿಲ್ಲ ಎಂದು ರಾಗ ತೆಗೆದ. ಯಾರು ಮಾಡಿದ ರೂಲು ಎಂದು ಕೇಳಿದೆ. ಮಾಲಕರು ಅಂದ. ಮಾಲಕರ ನಂಬರ್ ಕೊಡು ಅಂದೆ. ಮಾಲಕರು ಊರಲ್ಲಿಲ್ಲ ಅಂದ. “ಹಂಗಾರ ಪೊಲೀಸ್ ಠಾಣೇಕ ಫೋನ್ ಮಾಡಿ, ಹಿಂಗೊಂದು ಕಾಯದೆ ಐತೇನ್ರಿ ಅಂತ ಕೇಳ್ತೇನಿ” ಅಂದಾಗ ಧ್ವನಿ ಇಳಿಸಿದ. “ಹಂಗ್ಯಾಕ ಮಾಡ್ತೀರಿ, ಆಧಾರ್ ಕಾರ್ಡ್ ತಗೊಂಡ ಬರ್ರಿ.” ನೋಡಿ, ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ. ಎಲ್ಲಿಗೆ ಬೇಕಾದರೂ ಹೋಗಬಹುದು. ಹೋದ ಊರಿನಲ್ಲಿ ಇಳಿದುಕೊಳ್ಳಲು ರೂಮು ಕೇಳಿದರೆ ಮಾತ್ರ ಎಲ್ಲರಿಗೂ ಅನುಮಾನ. ಆ ಸಿಟ್ಟಿನಲ್ಲೇ ಅವನಿಗೆ ಬೇಕುಬೇಕಾದ್ದೆಲ್ಲ ಕೇಳಿದೆ. ಬಿಸಿನೀರು ಬರುತ್ತದೆಯೇ, ಚಿಲಕ ಸರಿಯಾಗಿ ಬೀಳುತ್ತದೆಯೇ, ಹಾಸಿಗೆಯ ಚಾದರ ಒಗೆದದ್ದೇ. ಕೊನೆಗೆ, “ಕೆರಿ ಕಡೆ ಕಿಡಕಿ ಇರೋ ರೂಮ ಬೇಕು” ಅಂದೆ. “ಕಿಡಕಿ ಐತ್ರಿ, ಸೊಳ್ಳಿನೂ ಅದಾವು” ಅಂದ. ಮನುಷ್ಯ ಪ್ರಾಮಾಣಿಕ.

ಮನೆಯವರಿಗೆ ಹೇಳಿದಾಗ ಅವರು ಪೇಪರಿನಿಂದ ಮುಖ ಎತ್ತಲಿಲ್ಲ. ಎರಡನೇ ಸಲ ಹೇಳಿದ ಮೇಲೆ ಎತ್ತಿದರು.

“ಮಂದಿ ಏನಂದಾರು?”

“ಹೋದ ವರ್ಷ ನನ್ನನ್ನ ಯಾರೂ ಕರೀಲಿಲ್ಲ. ಆವಾಗ ಮಂದಿ ಏನರ ಅಂದ್ರೇನು?”

“ನಾನೂ ಬರ್ತೇನಿ ತಡಿ.”

“ನೀವು ಬಂದ್ರ ಅಳಿಯಂದ್ರು ಬಂದಾರ ಅಂತ ಮುತ್ತಿಗೊಂಡು ಎಳಕೊಂಡು ಹೋಗ್ತಾರ. ಬ್ಯಾಡ.”

ಅವರು ಮತ್ತೆ ಪೇಪರಿಗೆ ಮುಖ ಇಳಿಸಿದರು. ಹೊರಡುವ ದಿನ ಬಸ್‌ಸ್ಟ್ಯಾಂಡಿಗೆ ಬಿಡಲು ಬಂದು, ಬ್ಯಾಗಿನೊಳಗೆ ಸೊಳ್ಳೆಬತ್ತಿಯ ಡಬ್ಬಿ ತುರುಕಿದರು. ಒಪ್ಪಿದೆ ಎಂದು ಬಾಯಲ್ಲಿ ಹೇಳುವ ಗಂಡಸಲ್ಲ ಅವರು.

ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಹಾನಗಲ್ಲಿಗೆ ಇಳಿದಾಗ ಶ್ರಾವಣದ ಜಿಟಿಜಿಟಿ ಹಿಡಿದಿತ್ತು. ಆ ವರ್ಷವೂ ಅಣ್ಣನಿಂದಾಗಲಿ ತಮ್ಮನಿಂದಾಗಲಿ ಕರೆ ಬಂದಿರಲಿಲ್ಲ. ರೂಮು ನಾನು ಅಂದುಕೊಂಡದ್ದಕ್ಕಿಂತ ಸಣ್ಣದು. ಗೋಡೆಗೆ ಹಸಿರು ಬಣ್ಣ, ಒಂದು ಮಂಚ, ಒಂದು ಪ್ಲಾಸ್ಟಿಕ್ ಕುರ್ಚಿ. ಕಿಟಕಿ ತೆಗೆದೆ. ಆನೆಕೆರೆ ತುಂಬಿತ್ತು. ಅತ್ತ ದಂಡೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು, ಇತ್ತ ಬೇವಿನ ಮರಕ್ಕೆ ಹುಡುಗಿಯರು ಜೋಕಾಲಿ ಕಟ್ಟಿದ್ದರು. ಚಿಲಕ ಹಾಕಿದೆ. ಬೆಳಿಗ್ಗೆ ಯಾರ ಅಡುಗೆಮನೆಗೆ ಮೊದಲು ಹೋಗಬೇಕು ಎಂಬ ಚಿಂತೆಯಿಲ್ಲದೆ ಈ ಊರಿನಲ್ಲಿ ನಾನು ಕಾಲು ಚಾಚಿದ್ದು ಎಷ್ಟೋ ವರ್ಷಗಳ ಮೇಲೆ. ಖುಷಿಯಾಯಿತು. ಬಹಳ ಖುಷಿಯಾಯಿತು.

ಆ ಖುಷಿ ಚಹಾ ಬರುವವರೆಗೂ ಉಳಿಯಲಿಲ್ಲ. ಮ್ಯಾನೇಜರ್ ನನ್ನ ಮುಖದಲ್ಲಿ ಅಣ್ಣನ ಮೂಗು ಗುರುತಿಸಿ, ತನ್ನ ಕರ್ತವ್ಯವೆಂದು ಸುದ್ದಿ ಮುಟ್ಟಿಸಿದ್ದ. ಬಾಗಿಲು ಬಡಿದ ಸದ್ದಿಗೆ ತೆರೆದರೆ ಅಣ್ಣ ನಿಂತಿದ್ದ. ಒಳಗೆ ಬಾ ಅಂದರೆ ಬರಲಿಲ್ಲ.

“ಏನ ಹಚ್ಚೀ ಇದು? ಇಳಿಯಾಕ ಮನಿ ಇರಲಿಲ್ಲೇನ ನಿನಗ?”

“ಯಾರ ಮನಿಗೆ ಬರಬೇಕಾಗಿತ್ತಣ್ಣಾ? ಈ ವರ್ಷ ಯಾರ ಪಾಳಿ?”

ಅವನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. “ಅಕ್ಕಾ, ನಡಿ ಮನಿಗೆ.”

“ಯಾರ ಮನಿಗೆ?”

“ನಮ್ಮನಿಗೆ” ಎಂದು ಇಬ್ಬರೂ ಒಟ್ಟಿಗೇ ಅಂದರು. ಅಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋದ ವರ್ಷ ಯಾರಿಗೂ ಬೇಡವಾಗಿದ್ದವಳು ಈ ವರ್ಷ ಇಬ್ಬರಿಗೂ ಬೇಕಾದೆ! ತಮ್ಮ ಒಳಗೆ ಬಂದು ಬ್ಯಾಗು ಎತ್ತಿಕೊಂಡ. ಅಣ್ಣ ಹೊಸ್ತಿಲಲ್ಲೇ ನಿಂತು ಅದರ ಇನ್ನೊಂದು ಹಿಡಿಕೆಗೆ ಕೈಹಾಕಿದ. ನಾನು ಇಬ್ಬರ ಕೈಯಿಂದಲೂ ಕಿತ್ತುಕೊಂಡು ಮಂಚದ ಮೇಲಿಟ್ಟೆ.

“ಉಣ್ಣಾಕ ಎರಡೂ ಮನಿಗೆ ಬರ್ತೇನಿ. ಮಲಗೂದು ಇಲ್ಲೆ.”

“ನಮ್ಮ ಮಾನ ತೆಗದಿ” ಎಂದು ಅಣ್ಣ ಕೂಗಿದ. ಕೆಳಗಿನಿಂದ ಮ್ಯಾನೇಜರ್ ಇಣುಕುತ್ತಿದ್ದ. “ಇವತ್ತ ಇಲ್ಲೆ ಮಲಗಿದಿ ಅಂದ್ರ ಇನ್ನ ಮ್ಯಾಲೆ ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ. ನಿನಗ ತವರು ಇಲ್ಲ ಅಂತ ತಿಳಕೊ.”

ತಮ್ಮ ತಲೆ ತಗ್ಗಿಸಿ, “ಅಣ್ಣ ಹೇಳೂದು ಖರೇ ಐತಕ್ಕಾ” ಅಂದ. ಪಾಳಿಯದೊಂದು ಬಿಟ್ಟರೆ, ಗೋಡೆ ಎದ್ದ ಮೇಲೆ ಇವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಪಡಸಾಲ್ಯಾಗ ಗೋಡಿ ಕಟ್ಟುವಾಗ ಮಾನ ಹೋಗಲಿಲ್ಲ. ನನ್ನನ್ನ ಪಾಳಿಗೆ ಹಚ್ಚಿದಾಗ ಹೋಗಲಿಲ್ಲ. ನಾ ಒಂದು ಮಂಚದ ಮ್ಯಾಲೆ ಮಲಗಿದ್ರ ಹೋಗೂದಾದ್ರ ಹೋಗಲಿ ಬಿಡು” ಅಂದು ಬಾಗಿಲು ಹಾಕಿಕೊಂಡೆ. ಅಳು ಬಂತು, ಅತ್ತುಬಿಟ್ಟೆ. ತವರು ಇಲ್ಲವೆಂಬ ಮಾತು ಅಷ್ಟು ಹಗುರವಾದ ಮಾತಲ್ಲ, ಎಷ್ಟು ಸಿಟ್ಟಿದ್ದರೂ ಅದು ಒಳಗೆ ಇಳಿಯುತ್ತದೆ. ಬ್ಯಾಗು ಹಿಡಿದು ಅಣ್ಣನ ಹಿಂದೆ ಹೋಗಿಬಿಡೋಣ ಅನ್ನಿಸಿದ್ದೂ ಸುಳ್ಳಲ್ಲ. ಹೋಗಲಿಲ್ಲ. ಅತ್ತು ಮುಗಿಸಿ, ತಂದಿದ್ದ ಸವಣೂರು ಖಾರದ ಪೊಟ್ಟಣ ಬಿಚ್ಚಿ ತಿಂದು, ಸೊಳ್ಳೆಬತ್ತಿ ಹಚ್ಚಿ ಮಲಗಿದೆ.

ಹಬ್ಬದ ಬೆಳಿಗ್ಗೆ ಮ್ಯಾನೇಜರ್ ತಾನಾಗಿಯೇ ಚಹಾದ ಅಂಗಡಿಯಿಂದ ಒಂದು ಲೋಟ ಹಾಲು ತಂದುಕೊಟ್ಟ. ನಿನ್ನೆಯ ಕೆಲಸಕ್ಕೆ ಪರಿಹಾರವಿರಬೇಕು. ಅದನ್ನೂ ಬ್ಯಾಗಿನಲ್ಲಿ ತಂದಿದ್ದ ಕೊಬ್ಬರಿ ಬಟ್ಟಲು, ಬೆಲ್ಲವನ್ನೂ ತೆಗೆದುಕೊಂಡು ಕೆರೆಯ ದಂಡೆಯ ಅರಳಿಮರದ ಬುಡಕ್ಕೆ ಹೋದೆ. ಅಲ್ಲಿ ನಾಗರಕಲ್ಲುಗಳಿವೆ, ನಮ್ಮ ಓಣಿಯವರೆಲ್ಲ ಹಾಲು ಎರೆಯಲು ಬರುವುದು ಅಲ್ಲಿಗೇ. ವೈನಿ ತಂಬಿಗೆ ಹಿಡಿದು ಬಂದಿದ್ದರು. ಅಣ್ಣ ಸ್ವಲ್ಪ ದೂರದಲ್ಲಿ ಮೋಟಾರ್ ಸೈಕಲ್ಲಿನ ಪಕ್ಕ ನಿಂತಿದ್ದ. ಯಾರೂ ಮಾತಾಡಿಸಲಿಲ್ಲ. ಹೆಂಗಸರು ಸರಿದು ನನಗೆ ಜಾಗ ಮಾಡಿದರು. ಆ ಜಾಗ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು.

ಒಣಕೊಬ್ಬರಿಯ ಬಟ್ಟಲಿನಲ್ಲಿ ಬೆಲ್ಲದ ತುಣುಕಿಟ್ಟು, ಅದರಿಂದ ಹಾಲು ಎರೆಯುವುದು ನಮ್ಮ ಪದ್ಧತಿ. ಒಂದೊಂದು ಸಲ ಎರೆಯುವಾಗಲೂ ಒಬ್ಬೊಬ್ಬರ ಪಾಲು ಎಂದು ಬಾಯಿಬಿಟ್ಟು ಹೇಳಬೇಕು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು. ಹೇಳುತ್ತ ಹೋದೆ. ಅಣ್ಣನ ಪಾಲು ಅಂದೆ, ತಮ್ಮನ ಪಾಲು ಅಂದೆ, ಅವರ ಹೆಂಡಿರ, ಮಕ್ಕಳ, ನನ್ನ ಮನೆಯವರ ಪಾಲು ಅಂದೆ. ಅಲ್ಲಿಗೆ ನಿಲ್ಲಿಸುವುದು ರೂಢಿ. ಎರೆಯುವವಳು ತನ್ನದನ್ನು ಹೇಳಿಕೊಂಡದ್ದನ್ನು ನಾನು ಕೇಳಿಲ್ಲ, ಅವ್ವ ಸಹ ಹೇಳಿಕೊಂಡವಳಲ್ಲ. ಲೋಟದ ತಳದಲ್ಲಿ ಸ್ವಲ್ಪ ಹಾಲು ಉಳಿದಿತ್ತು. ಅದನ್ನು ಬಟ್ಟಲಿಗೆ ಹಾಕಿ, ಸಾಲೆಯಲ್ಲಿ ಹಿಂದಿನ ಬೆಂಚಿಗೆ ಕೇಳಿಸುವ ಧ್ವನಿಯಲ್ಲಿ, “ನನ್ನ ಪಾಲು” ಅಂದು ಎರೆದೆ.

ಅಣ್ಣ ಹತ್ತಿರ ಬಂದ. ಮುಖ ಬಿಳಿಚಿತ್ತು.

“ಪಾಲು ಕೇಳಾಕ ಬಂದೀಯೇನು?”

ನಿನ್ನೆ ಕೂಗಾಡಿದ ಮನುಷ್ಯನ ಧ್ವನಿಯೇ ಅಲ್ಲ ಅದು. ಆಗ ನನಗೆ ತಿಳಿಯಿತು. ಊರಿಗೆ ಬಂದು ಮನೆಗೆ ಬಾರದೆ ಲಾಡ್ಜು ಹಿಡಿದ ತಂಗಿ, ವಕೀಲರನ್ನು ಕಾಣಲಿಕ್ಕೇ ಬಂದಿದ್ದಾಳೆ ಎಂದು ಅವನು ನಿನ್ನೆಯಿಂದ ಹೆದರಿ ಕೂತಿದ್ದ. ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

“ಬರದಕೊಟ್ಟಿದ್ದು ಮನಿ, ಅಣ್ಣಾ” ಅಂದೆ. “ಊರು ಬರದಕೊಟ್ಟಿಲ್ಲ.”

ವೈನಿ ಅವನ ಕಡೆ ನೋಡಲಿಲ್ಲ. ನನ್ನ ಬಟ್ಟಲು ಖಾಲಿಯಾದದ್ದನ್ನು ಕಂಡು ತಾವು ಹಿಡಿದಿದ್ದ ತಂಬಿಗೆ ಬಗ್ಗಿಸಿ ಅಂಚಿನವರೆಗೆ ಹಾಲು ತುಂಬಿದರು. ಅದನ್ನೂ ನನ್ನ ಪಾಲೆಂದೇ ಎರೆದೆ.