ಬದು ದಾಟಿದ ತಿರುವು

ಮಟಕಿ ಹಳ್ಳಿಯ ಯಶೋಧರಾಗೆ ಡ್ರೋನ್ ಹಾರಿಸುವ ಹುಚ್ಚು ಹಿಡಿದದ್ದು ಅಪ್ಪನ ಅಂಗಡಿಯಲ್ಲಿ. ಅಪ್ಪ ಜಗದೇವ ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತಿಕೊಡುತ್ತಿದ್ದ. ಪಾಲಿಟೆಕ್ನಿಕ್ ಮುಗಿಸಿ ಬಂದ ಮಗಳು ಅದೇ ಅಂಗಡಿಯ ಮೂಲೆಯಲ್ಲಿ ಕೂತು, ಬೆಸುಗೆ ಹಾಕಿ, ಅಂಗೈಗಿಂತ ತುಸು ದೊಡ್ಡದಾದ ರೇಸ್ ಡ್ರೋನ್ ಒಂದನ್ನು ಕಟ್ಟಿದಳು. ಮೊದಲ ದಿನವೇ ಅದು ಎದುರಿನ ಚಹಾದಂಗಡಿಯ ತಗಡಿಗೆ ಬಡಿದು ಚೂರಾಯಿತು. ಆಮೇಲೆ ಎಷ್ಟೋ ಕಟ್ಟಿದಳು, ಎಷ್ಟೋ ಒಡೆದವು. ಎಂಟನೆಯದು ಬದುಕಿತು.

ರೇಸಿನಲ್ಲಿ ಆಟಗಾರರು ಕುರ್ಚಿಯಲ್ಲೇ ಕೂತಿರುತ್ತಾರೆ. ಕಣ್ಣಿಗೆ ಕಟ್ಟಿಕೊಂಡ ಪರದೆಯಲ್ಲಿ ಡ್ರೋನಿನ ಕ್ಯಾಮೆರಾ ನೋಡುವುದೆಲ್ಲ ಕಾಣುತ್ತದೆ. ಕಮಾನುಗಳೊಳಗೆ ನುಗ್ಗಬೇಕು, ಕಂಬ ಸುತ್ತಬೇಕು, ತಲೆಕೆಳಗಾಗಿ ಉರುಳಿ ಮತ್ತೆ ನೆಟ್ಟಗಾಗಬೇಕು. ಎರಡು ನಿಮಿಷದೊಳಗೆ ಎಲ್ಲ ಮುಗಿದಿರುತ್ತದೆ. ಯಶೋಧರಾ ಪುಣೆಯಲ್ಲಿ ಮೂರನೆಯವಳಾದಳು, ಮರುವರ್ಷ ಹೈದರಾಬಾದಿನಲ್ಲಿ ಮೊದಲಿಗಳಾದಳು. ಕಂಬಕ್ಕೆ ಗೇಣು ದೂರದಲ್ಲಿ ಡ್ರೋನನ್ನು ಮಗುಚಿ ತಿರುಗಿಸುವ ಅವಳ ತಿರುವನ್ನು ಬೇರೆ ಊರಿನ ಹುಡುಗರು ಮೊಬೈಲಿನಲ್ಲಿ ನಿಧಾನಗೊಳಿಸಿ ನೋಡುತ್ತಿದ್ದರು.

ಆದರೆ ರೇಸು ವರ್ಷಕ್ಕೆ ಎರಡೋ ಮೂರೋ. ಉಳಿದ ದಿನಗಳಲ್ಲಿ ಒಂದು ಸಂಸ್ಥೆಯ ದೊಡ್ಡ ಡ್ರೋನ್ ತೆಗೆದುಕೊಂಡು ಭೂಸನೂರಿನ ಸುತ್ತ ಕಬ್ಬಿಗೆ ಔಷಧ ಹೊಡೆಯುತ್ತಿದ್ದಳು.

ಆ ಜುಲೈಯಲ್ಲಿ ಹೋದದ್ದು ದೇವೀಂದ್ರಪ್ಪ ಗೌಡರ ಹೊಲಕ್ಕೆ. ಯಶೋಧರಾಳ ಅಜ್ಜಿ ಸಾಬವ್ವ ಇಪ್ಪತ್ತು ವರ್ಷ ಕಳೆ ತೆಗೆದ ಹೊಲ ಅದು. ಅಜ್ಜಿ ಗೌಡರ ಅಂಗಳದಲ್ಲಿ ಕೂತವಳಲ್ಲ, ಬೊಗಸೆಗೆ ಎತ್ತರದಿಂದ ಸುರಿದ ನೀರು ಕುಡಿದವಳು. ಅವತ್ತು ಅದೇ ಗೌಡರು ಬೇವಿನ ಮರದ ಕೆಳಗೆ ಮೊಮ್ಮಗಳಿಗೆ ಕುರ್ಚಿ ಎಳೆದು ಹಾಕಿದರು, ಸ್ಟೀಲ್ ಲೋಟದಲ್ಲಿ ಚಹಾ ಕೊಡಿಸಿದರು. ಚಾಂಪಿಯನ್ ಬಂದಿದ್ದಾಳೆಂದು ಹದಿನೈದು ಇಪ್ಪತ್ತು ಮಂದಿ ಸೇರಿದ್ದರು. ಕೆಲಸ ಮುಗಿಯುತ್ತ ಬಂದಾಗ ಗಾಳಿ ಎದ್ದಿತು. ನಿಲ್ಲಿಸಬೇಕಿತ್ತು. ಟ್ಯಾಂಕಿನಲ್ಲಿ ಇನ್ನೂ ಔಷಧ ಇತ್ತು. ಯಾರೋ ರೇಸಿನ ಆಟ ಸ್ವಲ್ಪ ತೋರಿಸೆಂದರು. ಗೌಡರೂ ನಕ್ಕು ತಲೆಯಾಡಿಸಿದರು.

ಯಶೋಧರಾ ಆ ಭಾರದ ಯಂತ್ರವನ್ನು ಎರಡಾಳೆತ್ತರಕ್ಕೆ ಎಬ್ಬಿಸಿ, ವಾಲಿಸಿ, ಬದುವಿನ ಮೇಲೆ ಹೊರಳಿಸಿದಳು. ನಳಿಕೆ ಬಂದ್ ಮಾಡುವುದನ್ನು ಮರೆತಿದ್ದಳು. ಬಿಳಿ ಮಂಜು ಬದು ದಾಟಿ ಪಕ್ಕದ ಹಿಪ್ಪುನೇರಳೆ ತೋಟದ ಮೇಲೆ ಇಳಿದದ್ದನ್ನು ಅವಳು ಕಣ್ಣಾರೆ ಕಂಡಳು. ಮಂದಿ ಚಪ್ಪಾಳೆ ತಟ್ಟಿದರು. ಎಷ್ಟು ಮಹಾ ಬಿದ್ದೀತು, ಮಳೆ ಬಂದರೆ ತೊಳೆದುಹೋಗುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮಳೆ ಬರಲಿಲ್ಲ.

ಆ ತೋಟ ಮುಮತಾಜಳದು. ಅವಳೂ ಗಂಡ ಶರಫುದ್ದೀನನೂ ನಾಲ್ಕು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದರು. ಹುಳುಗಳು ಗೂಡು ಕಟ್ಟಲು ಮೂರೇ ದಿನ ಉಳಿದಿತ್ತು. ಮರುದಿನ ಮುಂಜಾನೆ ಕೊಯ್ದು ಹಾಕಿದ ಸೊಪ್ಪು ತಿಂದ ಹುಳುಗಳು ಮಧ್ಯಾಹ್ನದ ಹೊತ್ತಿಗೆ ತಲೆ ಎತ್ತಿ ತೂಗಾಡಿ, ಹಸಿರು ನೀರು ಕಾರಿ ಮುರುಟಿದವು. ಸಂಜೆಗೆ ಹುಳು ಸಾಕುವ ಇಡೀ ಮನೆ ನಿಶ್ಶಬ್ದವಾಯಿತು. ಹುಳು ಸೊಪ್ಪು ಮೇಯುವಾಗ ಸಣ್ಣ ಮಳೆಯಂಥ ಸದ್ದಿರುತ್ತದೆ. ಆ ಸದ್ದು ನಿಂತಿತ್ತು.

ನೋಡಲು ಬಂದ ರೇಷ್ಮೆ ಇಲಾಖೆಯ ಅಧಿಕಾರಿ ಇದು ವಿಷವೇ ಎಂದ. ಔಷಧದ ಗಾಳಿಯಾದರೂ ಬಡಿದಿರಬೇಕು, ಇಲ್ಲ ಸೊಳ್ಳೆಬತ್ತಿಯ ಹೊಗೆಯಾದರೂ ಆಗಿರಬೇಕು. ಮುಮತಾಜ ಗೌಡರ ಹೊಲಕ್ಕೆ ಬಂದು ಕೇಳಿದಳು. ಡ್ರೋನ್ ಕಬ್ಬಿಗೆ ತಾಗಿಕೊಂಡೇ ಹಾರುತ್ತದೆಂದು ಗೌಡರು ಹೇಳಿಬಿಟ್ಟರು. ಆಗ ಅವಳು, ಉಳಿದ ಕೆಲಸಕ್ಕೆಂದು ಮತ್ತೆ ಬಂದಿದ್ದ ಯಶೋಧರಾಳ ಕಡೆ ತಿರುಗಿದಳು.

"ನೀ ಕಲಿತಾಕಿ ಇದ್ದಿ. ನೀ ಹೇಳಿದ್ರ ನಂಬ್ತೇನಿ. ಗಾಳಿ ನಮ್ ಕಡಿ ಬಂದಿತ್ತೇನ್?"

"ಇಲ್ರಿ," ಎಂದಳು ಯಶೋಧರಾ.

ಮುಮತಾಜ ನಂಬಿದಳು. ಹಾಗಾಗಿ ತಪ್ಪು ಅವಳ ಮಗಳು ಮುಸ್ಕಾನಳ ತಲೆಗೆ ಬಂತು. ಹತ್ತನೆಯ ತರಗತಿಯ ಆ ಹುಡುಗಿ ಓದುವ ಕೋಣೆ ಹುಳುವಿನ ಮನೆಗೆ ಅಂಟಿಕೊಂಡಿತ್ತು, ಅಲ್ಲಿ ಸೊಳ್ಳೆಬತ್ತಿಯ ಒಂದು ತುಂಡು ಸಿಕ್ಕಿತು. ಅದು ಹೋದ ತಿಂಗಳದ್ದು, ಹುಳು ಬರುವ ಮೊದಲಿನದು ಎಂದು ಮುಸ್ಕಾನ ಅತ್ತು ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹುಳುವಿನ ಮನೆಗೆ ಕಾಲಿಡಬೇಡವೆಂದರು. ಎರಡು ಮಾತಿಗೆ ಒಮ್ಮೆ ನಿನ್ನಿಂದಲೇ ಎಂದರು.

ಈ ಸುದ್ದಿ ಯಶೋಧರಾಗೆ ಚಹಾದಂಗಡಿಯಲ್ಲಿ ಮುಟ್ಟಿತು. ನೆಟ್ಟಗೆ ಅಂಗಡಿಗೆ ಬಂದಳು. ಅಪ್ಪನಿಗೆ ಎಲ್ಲ ಹೇಳಿದಳು. ಜಗದೇವ ತಂತಿ ಸುತ್ತುತ್ತಿದ್ದ ಮೋಟರನ್ನು ಬದಿಗಿಟ್ಟ.

"ಹೇಳಬೇಕು ಅನ್ನೋದು ಖರೇ ಅದ. ಆದ್ರ ಇಂಥಾ ಮಂದಿ ಕೈಯಾಗ ಕೊಟ್ರ ಹಿಂಗೇ ಆಗ್ತದ ಅಂತಾರ ನೋಡು. ನಿನಗಷ್ಟೇ ಅನ್ನಂಗಿಲ್ಲ, ನಮ್ಮ ಮಂದಿಗೆಲ್ಲ ಅಂತಾರ."

ಆ ಮಾತು ಅವಳಿಗೆ ನಿಜ ಮುಚ್ಚಿಡಲು ಒಂದು ನೆವವಾಯಿತು. ಸೆಪ್ಟೆಂಬರಿನಲ್ಲಿ ಮತ್ತೆ ಹೈದರಾಬಾದಿಗೆ ಹೋದಳು, ಮತ್ತೆ ಗೆದ್ದಳು. ಕೊನೆಯ ಸುತ್ತಿನಲ್ಲಿ ಅದೇ ತಿರುವು ಹಾಕಿದಾಗ ಪರದೆಯಲ್ಲಿ ಕಮಾನು ಕಾಣಲಿಲ್ಲ, ಬದು ಕಂಡಿತು. ಕೈ ಮಾತ್ರ ರೂಢಿಯಿಂದ ತಾನೇ ಆಡಿ ಗೆಲ್ಲಿಸಿತು. ಗೆದ್ದ ಕಪ್ ಹಿಡಿದು ನಿಂತ ಫೋಟೋದಲ್ಲಿ ಅವಳ ಮುಖ ಜ್ವರ ಬಂದವಳಂತಿದೆ.

ಊರಿಗೆ ಬಂದ ಮೂರನೆಯ ದಿನ ಮುಮತಾಜಳ ಮನೆಗೆ ಹೋದಳು. ಮುಮತಾಜ ಅಭಿನಂದಿಸಿ ಕೂರಲು ಹೇಳಿದಳು. ಯಶೋಧರಾ ಕೂರಲಿಲ್ಲ.

"ನಿಮ್ಮ ಹುಳ ಸತ್ತಿದ್ದು ನನ್ನಿಂದ್ರಿ. ಗಾಳಿ ಈ ಕಡಿ ಇತ್ತು. ನಾ ಮಂದಿಗಿ ತೋರಸ್ಲಾಕ ಹಾರಿಸ್ದೆ. ಔಷಧ ಬಿದ್ದಿದ್ದು ನೋಡಿದ್ದೆ. ನೀವ್ ಕೇಳ್ದಾಗ ಸುಳ್ಳ ಹೇಳ್ದೆ."

ಮುಮತಾಜ ಒಳಗೆ ಹೋಗಿ ಮಗಳನ್ನು ಕರೆತಂದು ಎದುರಿಗೆ ನಿಲ್ಲಿಸಿದಳು.

"ಈಕಿಗಿ ಹೇಳು."

ಯಶೋಧರಾ ಅದೇ ಮಾತುಗಳನ್ನು ಮತ್ತೆ ಹೇಳಿದಳು. ಎರಡನೆಯ ಸಲ ಹೇಳುವುದು ಹೆಚ್ಚು ಕಷ್ಟವಾಯಿತು. ಮುಸ್ಕಾನ ಅವಳನ್ನು ನೋಡಲೇ ಇಲ್ಲ, ತಾಯಿಯನ್ನು ನೋಡಿದಳು.

"ನಾ ಹೇಳಿದ್ದೆ ಅಮ್ಮೀ," ಎಂದಷ್ಟೇ ಹೇಳಿ ಒಳಗೆ ಹೋದಳು. ಮುಮತಾಜ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕುಸಿದಳು. ತಾನು ಒಬ್ಬಳ ಭಾರ ಇಳಿಸಲು ಬಂದು ಇನ್ನೊಬ್ಬಳ ಮೇಲೆ ಹೇರಿದೆನೆಂದು ಯಶೋಧರಾಗೆ ಆಗ ತಿಳಿಯಿತು.

ಗೌಡರಿಗೂ ಸಂಸ್ಥೆಗೂ ಅವಳೇ ಹೋಗಿ ತಿಳಿಸಿದಳು. ಸಂಸ್ಥೆ ಒಂದು ಹಂಗಾಮು ಅವಳನ್ನು ಕೆಲಸದಿಂದ ಹೊರಗಿಟ್ಟಿತು. ಅಪ್ಪ ಹೆದರಿದ್ದ ಮಾತು ಗೌಡರ ಕಟ್ಟೆಯ ಮೇಲೆ ಯಾರೋ ಆಡಿದರು. ಆಡಿದ್ದು ಜಗದೇವನ ಕಿವಿಗೂ ಬಿತ್ತು.

ಮುಂದಿನ ಬೆಳೆಗೆ ಬೇಕಾದ ಮರಿಹುಳುಗಳನ್ನು ಯಶೋಧರಾ ತಂದುಕೊಟ್ಟಳು, ಹುಳುವಿನ ಮನೆಗೆ ಸುಣ್ಣ ಬಳಿದಳು, ಹುಳು ಮೇಯಿಸುವ ತಟ್ಟೆ ತೊಳೆದಳು. ಮುಮತಾಜ ಬೇಡವೆನ್ನಲಿಲ್ಲ, ಚಹಾವನ್ನೂ ಕೊಟ್ಟಳು.

ಈಗ ಮತ್ತೆ ಡ್ರೋನ್ ಹಾರಿಸುತ್ತಾಳೆ. ಔಷಧ ಹೊಡೆಯುವ ಮೊದಲು ನಾಲ್ಕೂ ಬದುಗಳ ಆಚೆಗೆ ನಡೆದುಹೋಗಿ ಯಾರ ತೋಟ, ಏನು ಬೆಳೆ ಎಂದು ಕೇಳಿ ಬರುತ್ತಾಳೆ. ಹೊಲದವರು ತಡವಾಯಿತೆಂದು ಗೊಣಗುತ್ತಾರೆ. ಮುಸ್ಕಾನ ಆಳಂದದ ಕಾಲೇಜಿಗೆ ಬರುತ್ತಾಳೆ, ಜಗದೇವನ ಅಂಗಡಿಯ ಮುಂದಿನಿಂದಲೇ ಬಸ್‌ಸ್ಟ್ಯಾಂಡಿಗೆ ನಡೆಯುತ್ತಾಳೆ. ಅಂಗಡಿಯಲ್ಲಿ ಕೂತ ಯಶೋಧರಾಳೂ ಅವಳೂ ಒಬ್ಬರನ್ನೊಬ್ಬರು ನೋಡುತ್ತಾರೆ. ಇನ್ನೂ ಮಾತಾಡಿಲ್ಲ.