ಹುಣಸೆಹಣ್ಣು ಕಂಡ ಆನೆ ಕಾಸು

ನಾನು ಮಳವಳ್ಳಿಯಿಂದ ಮದ್ದೂರಿನ ಮನೆಗೆ ಸೊಸೆಯಾಗಿ ಬಂದಾಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ನಮ್ಮ ಮಾವನವರು ಶಿವನಸಮುದ್ರದ ಕರೆಂಟು ಉತ್ಪಾದಿಸುವ ಕಡೆ ದುಡಿದು ನಿವೃತ್ತರಾಗಿದ್ದರು. ಹಳೆಯ ನಾಣ್ಯ ಕೂಡಿಡುವುದೆಂದರೆ ಅವರಿಗೆ ಪ್ರಾಣ. ಆದರೆ ಎರಡು ಕಣ್ಣಿಗೂ ಪೊರೆ ಬಂದು, ಕೈಯಲ್ಲಿರುವ ಕಾಸೇ ಮಬ್ಬುಮಬ್ಬಾಗಿ ಕಾಣುತ್ತಿತ್ತು. ಗಂಡುಮಕ್ಕಳಿಗೆ ಅದರ ಗೊಡವೆ ಬೇಕಿರಲಿಲ್ಲ. ಹಾಗಾಗಿ ಮಧ್ಯಾಹ್ನ ನನ್ನ ಅಡುಗೆ ಕೆಲಸ ಮುಗಿದ ಮೇಲೆ ಕರೆದು ಭೂತಗನ್ನಡಿ ಕೈಗೆ ಕೊಡುತ್ತಿದ್ದರು.

“ಅಂಚು ಇಡ್ಕೊ ಕಣವ್ವ, ಮಖ ಮುಟ್ಬೇಡ. ಬೆವರು ತಿಂದಾಕ್ಬುಡ್ತದೆ.”

ಆನೆಯ ಚಿತ್ರವಿರುವ ತಾಮ್ರದ ಕಾಸುಗಳು ಅವರಲ್ಲಿ ಬಹಳ ಇದ್ದವು. ಕೈಯಿಂದ ಕೈಗೆ ಓಡಾಡಿದರೆ ಮೊದಲು ಸವೆಯುವುದು ಉಬ್ಬಿರುವ ಹೊಟ್ಟೆ, ಆಮೇಲೆ ಕಿವಿ. ಕಿವಿಯ ಗೆರೆ ಗಟ್ಟಿಯಾಗಿದ್ದರೆ ಮೇಲ್ದರ್ಜೆ. ಸೊಂಡಿಲು, ಕಾಲು ಎಲ್ಲ ಒಂದಾಗಿಬಿಟ್ಟಿದ್ದರೆ ಕೊನೆಯ ದರ್ಜೆ. ಅಂಥದ್ದಕ್ಕೆ ನಾನು ನಮ್ಮ ಕಡೆಯ ಗಿಡ್ಡ ಕಾಲಿನ, ದುಂಡು ಮೈಯ ಬಂಡೂರು ಕುರಿಯ ಹೆಸರಿಟ್ಟಾಗ ಮಾವನವರು ಕೆಮ್ಮು ಬರುವ ತನಕ ನಕ್ಕರು. ಹಳೆಯ ತಾಮ್ರದ ಮೇಲಿನ ಕಂದು ಬಣ್ಣ ಅದರ ಚರ್ಮವಿದ್ದಂತೆ, ಅದನ್ನು ಉಜ್ಜಿ ತೆಗೆದರೆ ಸಂಗ್ರಹಕಾರ ತಿರುಗಿಯೂ ನೋಡುವುದಿಲ್ಲ ಎಂದು ಹೇಳಿಕೊಟ್ಟವರೂ ಅವರೇ.

ಒಮ್ಮೆ ಮಂಡ್ಯದಿಂದ ಅವರ ಸ್ನೇಹಿತರಾದ ವಕೀಲರೊಬ್ಬರು ಬಂದರು. ಅವರೂ ನಾಣ್ಯದ ಹುಚ್ಚಿನವರೇ. ಟಂಕಸಾಲೆಯಿಂದ ಈಗ ತಾನೇ ಬಂದಂತೆ ಕೆಂಪಗೆ ಹೊಳೆಯುವ ಆನೆ ಕಾಸೊಂದನ್ನು ತಂದಿದ್ದರು. ಅದಕ್ಕೆ ಬದಲಾಗಿ ಮಾವನವರ ಅತ್ಯುತ್ತಮ ಕಾಸು ಬೇಕಿತ್ತು. ಅದು ಮಾವನವರಿಗೆ ಅವರ ಅಪ್ಪ ಕೊಟ್ಟದ್ದು. ಮಾವನವರು ಹೊಸದನ್ನು ಬೆಳಕಿಗೆ ಹಿಡಿದರು. ಪಾಪ, ಅವರಿಗೆ ಕಂಡದ್ದು ಹೊಳಪು ಮಾತ್ರ. ಆಗಲಿ ಎಂದುಬಿಟ್ಟರು. ಮನೆಯವರೂ ನೋಡಲಿ ಎಂದು ಅದನ್ನು ಒಳಗೆ ಕಳಿಸಿದರು.

“ಲಕ್ಸ್ಮಿ ಇದ್ದಂಗದೆ ಕಣಮ್ಮ!” ಎಂದು ನಮ್ಮತ್ತೆ ಕಣ್ಣಿಗೊತ್ತಿಕೊಂಡರು.

ನಾನು ಭೂತಗನ್ನಡಿ ಹಿಡಿದು ನೋಡಿದೆ. ಹೊಳಪು ನಿನ್ನೆಯದು, ಆದರೆ ಆನೆಗೆ ಕಿವಿಯೇ ಇಲ್ಲ! ಮೈತುಂಬ ಕೂದಲೆಳೆಯಂಥ ಗೀರು. ಹೊರಗಿನವರ ಮುಂದೆ ಸೊಸೆ ಬಾಯಿ ಬಿಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಸುಮ್ಮನಿದ್ದರೆ ಮಾವನವರ ಅಪ್ಪನ ಕಾಸು ಕೈತಪ್ಪುತ್ತಿತ್ತು. ಕಾಫಿಯ ತಟ್ಟೆಯಲ್ಲಿ ಆ ಕಾಸನ್ನಿಟ್ಟು, ಪಕ್ಕದಲ್ಲೇ ಒಂದು ಉಂಡೆ ಹುಣಸೆಹಣ್ಣಿಟ್ಟು ನಾದಿನಿಯ ಕೈಲಿ ಕಳಿಸಿ, ಬಾಗಿಲ ಹಿಂದೆ ನಿಂತೆ.

ವಕೀಲರು ಹುಣಸೆಹಣ್ಣು ಕಂಡವರೇ ಭೂತಗನ್ನಡಿ ತೆಗೆದು ಕಾಸನ್ನು ಮತ್ತೆ ನೋಡಿ, ಹಣೆ ಚಚ್ಚಿಕೊಂಡು ನಕ್ಕರು. “ಅಯ್ಯೋ, ನಮ್ಮನೆಯವಳು ವರಮಹಾಲಕ್ಷ್ಮಿ ಪೂಜೆಗೆ ಇಟ್ಟಿದ್ದ ಕಾಸನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿದ್ಲು. ಇದೂ ಅದ್ರಲ್ಲಿ ಸೇರ್ಕೊಂಡಿದೆ. ನನ್ಗೇ ಗೊತ್ತಾಗ್ಲಿಲ್ವಲ್ಲ!”

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಇವತ್ತು ನನ್ನ ಕಥೆ ಮುಗಿಯಿತು ಎಂದುಕೊಂಡೆ. ಮಾವನವರು ತಟ್ಟೆ ತಡವಿ ಹುಣಸೆಹಣ್ಣನ್ನು ಮುಟ್ಟಿದರು.

“ಬಾಗ್ಲಿಂದೆ ಯಾಕವ್ವ ನಿಂತಿದ್ದೀಯೆ? ಬಾ, ಇಲ್ಲಿ ನನ್ನ ಪಕ್ಕದಲ್ಲಿ ಕುಂತ್ಕೊ. ಇನ್ಮೇಲೆ ನೀನು ನೋಡಿ ಒಪ್ಪುದ್ರೇಯ ನಾನು ಕೊಡಾದು.”

ತವರಿನಲ್ಲೂ ನಿನಗೇನನ್ನಿಸುತ್ತದೆ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಆ ಪುಣ್ಯಾತ್ಮರನ್ನು ಈಗ ನೆನೆದರೂ ಕಣ್ಣು ತುಂಬುತ್ತದೆ. ಅಂದು ಹೊರಗಿನವರೆದುರು ಮೊದಲ ಸಲ ಪಡಸಾಲೆಯ ಚಾಪೆಯ ಮೇಲೆ ಕೂತೆ.